ನೆಲ ಬಿಟ್ಟವರ ಕಥೆ: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೊದಲ ಕಾದಂಬರಿ ಹೊರಬಂದ ಮೇಲೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಸಾಲು. ಕಥೆಯ ಕೊನೆಯನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ. ಆದರೆ ಮೊದಲ ಕೆಲವು ಅಧ್ಯಾಯಗಳ ಗುಟ್ಟು ಅಲ್ಲಲ್ಲಿ ರಟ್ಟಾಗಿದೆ. ಏನೂ ಗೊತ್ತಿಲ್ಲದೆ ಓದುವ ಆಸೆ ಇದ್ದವರು ಪುಸ್ತಕ ಮುಗಿಸಿ ಬನ್ನಿ.

ಚುಟುಕಾಗಿ ಹೇಳಿ, ಕಥೆ ಏನು?

ಸೆರೆಸ್ ಅನ್ನುವ ಕುಬ್ಜ ಗ್ರಹದ ಸುತ್ತ ತಿರುಗುವ ಒಂದು ನೆಲೆ. ಅಲ್ಲಿ ಮೂರು ತಲೆಮಾರಿನ ಒಂದು ಮನೆ. ಅಜ್ಜಿ ಭೂಮಿಯಲ್ಲಿ ಹುಟ್ಟಿದವಳು. ಗಣಿ ಕೆಲಸಕ್ಕೆಂದು ಬಂದು, ಕಾಗದಕ್ಕೆ ಸಹಿ ಹಾಕಿ, ತನ್ನ ರಕ್ತವನ್ನೂ ಮೂಳೆಯನ್ನೂ ಬದಲಾಯಿಸಿಕೊಂಡವಳು. ಅವಳಿಗೆ ಕಾಲುಗಳಿವೆ, ಆದರೆ ಅವು ಸುಮ್ಮನೆ ಜೊತೆಗಿವೆ ಅಷ್ಟೇ. ಮಗಳು ಅರ್ಧ ಬದಲಾದ ದೇಹದೊಂದಿಗೆ ಹುಟ್ಟಿದವಳು. ಮೊಮ್ಮಗಳಿಗೆ ಕಾಲೇ ಇಲ್ಲ. ಆ ಜಾಗದಲ್ಲಿ ಇನ್ನೊಂದು ಜೊತೆ ಕೈ. ಆ ಮೊಮ್ಮಗಳು ಒಂದು ದಿನ ಕೇಳುತ್ತಾಳೆ: "ಅಜ್ಜಿ, ಬೀಳೋದು ಅಂದ್ರೆ ಏನು?" ಅಲ್ಲಿಂದ ಕಥೆ ಶುರು.

ಇದು ನಿಜವಾಗಿಯೂ ಮೊದಲ ಪುಸ್ತಕವಾ?

ಮುಗಿಸಿದ ಮೊದಲ ಪುಸ್ತಕ. ಅರ್ಧಕ್ಕೆ ಬಿಟ್ಟವು ಬೇರೆ ಇವೆ, ಅವುಗಳ ಸುದ್ದಿ ಬೇಡ.

ದೇಹವನ್ನೇ ಯಾಕೆ ಬದಲಾಯಿಸಬೇಕು? ಮನುಷ್ಯರು ಇದ್ದ ಹಾಗೇ ಬಾಹ್ಯಾಕಾಶದಲ್ಲಿ ಇರುತ್ತಿದ್ದಾರಲ್ಲ?

ಇರುತ್ತಿದ್ದಾರೆ, ಆದರೆ ನೆಂಟರ ಹಾಗೆ. ರಷ್ಯಾದ ಗಗನಯಾತ್ರಿ ವಲೇರಿ ಪೊಲ್ಯಾಕೊವ್ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಇದ್ದರು. 1994ರ ಜನವರಿಯಲ್ಲಿ ಹೋದವರು 1995ರ ಮಾರ್ಚ್‌ನಲ್ಲಿ ವಾಪಸ್ ಬಂದರು. ಒಲೆಗ್ ಕೊನೊನೆಂಕೊ ಹಲವು ಸಲ ಹೋಗಿ ಬಂದು 2024ರಲ್ಲಿ ಒಟ್ಟು 1,000 ದಿನ ದಾಟಿದ ಮೊದಲಿಗರಾದರು. ಒಬ್ಬ ಮನುಷ್ಯನ ದೊಡ್ಡ ದಾಖಲೆ ಅಂದರೆ ಮೂರು ವರ್ಷ ಚಿಲ್ಲರೆ. ಅಲ್ಲೇ ಹುಟ್ಟಿ ಅಲ್ಲೇ ಮುದುಕರಾಗುವುದು ಬೇರೆಯದೇ ಮಾತು.

ತೂಕವಿಲ್ಲದ ಕಡೆ ದೇಹ ಏನು ಮಾಡುತ್ತದೆ ನೋಡಿ. ಕಾಲಿನ ಕಡೆ ಇರಬೇಕಾದ ಸುಮಾರು 2 ಲೀಟರ್ ದ್ರವ ಎದೆ, ತಲೆಯ ಕಡೆ ಸರಿಯುತ್ತದೆ. ಮುಖ ಊದುತ್ತದೆ, ಕಾಲು ಸಣಕಲಾಗುತ್ತದೆ, ಮೂಗು ಕಟ್ಟುತ್ತದೆ, ಊಟದ ರುಚಿ ಕಡಿಮೆಯಾಗುತ್ತದೆ. ಸೊಂಟ, ತೊಡೆಯಂಥ ಭಾರ ಹೊರುವ ಮೂಳೆಗಳು ತಿಂಗಳಿಗೆ 1ರಿಂದ 1.5 ಶೇಕಡಾ ಸವೆಯುತ್ತವೆ. ಆ ಸುಣ್ಣದಂಶ ಎಲ್ಲಿ ಹೋಗಬೇಕು? ಮೂತ್ರಪಿಂಡದ ದಾರಿ ಹಿಡಿಯುತ್ತದೆ, ಅಲ್ಲಿ ಕಲ್ಲಾಗಬಹುದು. ಬೆನ್ನೆಲುಬು ಹಿಗ್ಗಿ ಎತ್ತರ ಶೇಕಡಾ 3ರವರೆಗೆ ಜಾಸ್ತಿಯಾಗಬಹುದು, ಜೊತೆಗೆ ಬೆನ್ನುನೋವು. ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿ ಕೆಲವರಿಗೆ ಹತ್ತಿರದ ಅಕ್ಷರ ಮಬ್ಬಾಗುತ್ತದೆ. ಇದನ್ನೆಲ್ಲ ಹಿಡಿತದಲ್ಲಿಡಲು ಗಗನಯಾತ್ರಿಗಳು ದಿನಕ್ಕೆ ಸುಮಾರು 2 ಗಂಟೆ ಕಸರತ್ತು ಮಾಡುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಒಂದು ಪುಟ್ಟ ವಿಷಯ. ತಿಂಗಳುಗಟ್ಟಲೆ ನಡೆಯದೆ ಇದ್ದವರ ಅಂಗಾಲಿನ ಗಟ್ಟಿ ಚರ್ಮ ಉದುರಿಹೋಗಿ, ಮಗುವಿನ ಪಾದದ ಹಾಗೆ ಮೆತ್ತಗಾಗುತ್ತದೆ. ಅದೇ ಹೊತ್ತಿಗೆ ಪಾದದ ಮೇಲ್ಭಾಗ ಒರಟಾಗುತ್ತದೆ. ಯಾಕೆಂದರೆ ಅವರು ಕಂಬಿಗೆ ಪಾದದ ಮೇಲ್ಭಾಗ ಸಿಕ್ಕಿಸಿಕೊಂಡು ನಿಲ್ಲುತ್ತಾರೆ. ಯಾರೂ ಹೇಳಿಕೊಡದೆ ದೇಹ ತಾನೇ ಬೇರೆ ಜಾಗಕ್ಕೆ ಹೊಂದಿಕೊಳ್ಳಲು ಹೊರಟಿದೆ! ಇದನ್ನು ಓದಿದ ದಿನವೇ ಅಜ್ಜಿಯ ಪಾತ್ರ ಹುಟ್ಟಿತು. ಎರಡನೇ ಅಧ್ಯಾಯದಲ್ಲಿ ಮೊಮ್ಮಗಳು ಅವಳ ಅಂಗಾಲು ಸವರುವ ದೃಶ್ಯ ಇಲ್ಲಿಂದಲೇ ಬಂದದ್ದು.

ನೆಲೆಯನ್ನೇ ಗಿರಗಿರ ತಿರುಗಿಸಿ ತೂಕ ಹುಟ್ಟಿಸಬಹುದಿತ್ತಲ್ಲ?

ಹೌದು, ಹುಟ್ಟಿಸಬಹುದಿತ್ತು. ಇದು ನನಗೆ ಬಂದ ಪ್ರಶ್ನೆಗಳಲ್ಲೇ ಚುರುಕಾದದ್ದು. ಕಾದಂಬರಿಯ ಬುಡವೇ ಇದು.

ಲೆಕ್ಕ ಸರಳ. ನಿಮಿಷಕ್ಕೆ 2 ಸುತ್ತು ತಿರುಗಿದರೆ ಬಹುತೇಕ ಜನರಿಗೆ ತಲೆ ಸುತ್ತುವುದಿಲ್ಲ. ಆ ವೇಗದಲ್ಲಿ ಭೂಮಿಯಷ್ಟೇ ತೂಕ ಬೇಕು ಅಂದರೆ ಚಕ್ರದ ತ್ರಿಜ್ಯ ಸುಮಾರು 224 ಮೀಟರ್ ಇರಬೇಕು. ಅಂದರೆ ಅರ್ಧ ಕಿಲೋಮೀಟರ್ ಅಗಲದ ಚಕ್ರ. 10 ಮೀಟರ್‌ನ ತ್ರಿಜ್ಯದ ಪುಟ್ಟ ಚಕ್ರ ಕಟ್ಟಿದರೆ ನಿಮಿಷಕ್ಕೆ ಒಂಬತ್ತೂವರೆ ಸುತ್ತು ಬೇಕಾಗುತ್ತದೆ. ಅಲ್ಲಿ ನಿಂತರೆ ಪಾದಕ್ಕೆ ಇರುವ ತೂಕ ತಲೆಗೆ ಇರುವುದಿಲ್ಲ. ಕತ್ತು ತಿರುಗಿಸಿದರೆ ವಾಂತಿ ಗ್ಯಾರಂಟಿ.

ದೊಡ್ಡ ಚಕ್ರ ಕಟ್ಟಬಹುದು. ಆದರೆ ದುಡ್ಡು ಬೇಕು. ಕಥೆಯಲ್ಲಿ ಗಣಿ ನಡೆಸುವವರು ಲೆಕ್ಕ ಹಾಕುತ್ತಾರೆ: ಚಕ್ರ ಕಟ್ಟುವುದಕ್ಕಿಂತ ಕೆಲಸದವರನ್ನು ಬದಲಾಯಿಸುವುದು ಅಗ್ಗ. ಯಾವ ರಾಕ್ಷಸನೂ ಬಂದು ಅಜ್ಜಿಯ ದೇಹವನ್ನು ಕಿತ್ತುಕೊಳ್ಳಲಿಲ್ಲ. ಒಂದು ಖರ್ಚಿನ ಪಟ್ಟಿ ಅದನ್ನು ಮಾಡಿತು. "ಬಾಹ್ಯಾಕಾಶಕ್ಕೆ ಹೊಂದಿಕೊಂಡ ಮಾನವ" ಅಂತ ಹೊಗಳುವ ಮಾತು ಕೇಳಿದಾಗಲೆಲ್ಲ ನನಗೆ ಏಳುವ ಪ್ರಶ್ನೆ ಒಂದೇ. ಹೊಂದಿಕೊಂಡದ್ದು ಯಾರು, ಉಳಿತಾಯ ಆದದ್ದು ಯಾರಿಗೆ?

ಕಾಲಿನ ಜಾಗದಲ್ಲಿ ಕೈ ಅನ್ನುವುದು ನಿಮ್ಮದೇ ಕಲ್ಪನೆಯಾ?

ಇಲ್ಲ, ಹಳೆಯದು. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1960ರ ದಶಕದ ಆರಂಭದಲ್ಲೇ ಇದನ್ನು ಯೋಚಿಸಿದ್ದರು. ಗುರುತ್ವ ಕಡಿಮೆ ಇರುವ ಕಡೆ ಮನುಷ್ಯನಿಗಿಂತ ಗಿಬ್ಬನ್ ವಾನರವೇ ಚೆನ್ನಾಗಿ ಬಾಳುತ್ತದೆ, ದೂರದ ಪಯಣಕ್ಕೆ ಕಾಲಿಲ್ಲದವರೋ ಹಿಡಿಯಬಲ್ಲ ಪಾದ ಇರುವವರೋ ವಾಸಿ ಎಂಬುದು ಅವರ ವಾದ. ಅವರು ತಮ್ಮ ಕೊನೆಯ ವರ್ಷಗಳನ್ನು ಭಾರತದಲ್ಲಿ ಕಳೆದು 1964ರಲ್ಲಿ ಇಲ್ಲೇ ತೀರಿಕೊಂಡರು.

ಅದಕ್ಕೂ ಸ್ವಲ್ಪ ಮೊದಲು, 1960ರಲ್ಲಿ, ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಎಂಬ ಇಬ್ಬರು 'ಸೈಬಾರ್ಗ್' (ಯಂತ್ರ ಬೆರೆತ ಮನುಷ್ಯ) ಪದವನ್ನು ಹುಟ್ಟುಹಾಕಿದರು. ಈಗ ಆ ಪದ ಕೇಳಿದರೆ ಉಕ್ಕಿನ ಕೈ, ಕೆಂಪು ಕಣ್ಣು ನೆನಪಾಗುತ್ತದೆ. ಅವರು ಹೇಳಿದ್ದು ಬಾಹ್ಯಾಕಾಶಕ್ಕಾಗಿಯೇ. ಭೂಮಿಯ ಗಾಳಿಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುವುದಕ್ಕಿಂತ ಮನುಷ್ಯನನ್ನೇ ಅಲ್ಲಿಗೆ ಒಗ್ಗಿಸುವುದು ಜಾಣತನ ಅನ್ನುವುದು ಅವರ ಯೋಚನೆ. ಇಬ್ಬರೂ ಒಳ್ಳೆಯ ಉದ್ದೇಶದಿಂದಲೇ ಬರೆದರು. ಆದರೆ "ಒಗ್ಗದಿದ್ದರೆ?" ಅನ್ನುವ ಪ್ರಶ್ನೆಗೆ ಯಾರೋ ಒಬ್ಬರು ಕಥೆ ಬರೆಯಲೇಬೇಕು ಅಲ್ವಾ?

ಇಷ್ಟೆಲ್ಲ ಬದಲಾದವರು ಸೂಟ್ ಇಲ್ಲದೆ ಹೊರಗೆ ಯಾಕೆ ಹೋಗುವುದಿಲ್ಲ?

ಆಗುವುದಿಲ್ಲ, ಅದಕ್ಕೆ. ಗಾಳಿಯ ಒತ್ತಡ ಇಲ್ಲದ ಕಡೆ ನೀರು ಮೈ ಬಿಸಿಗೇ ಕುದಿಯುತ್ತದೆ. 1966ರಲ್ಲಿ ನಾಸಾದ ನಿರ್ವಾತ ಕೋಣೆಯಲ್ಲಿ ಸೂಟ್ ಪರೀಕ್ಷಿಸುತ್ತಿದ್ದ ಜಿಮ್ ಲೆಬ್ಲಾಂಕ್ ಅವರ ಗಾಳಿಯ ಕೊಳವೆ ಕಳಚಿಕೊಂಡಿತು. ಸುಮಾರು 14 ಸೆಕೆಂಡಿಗೆ ಎಚ್ಚರ ತಪ್ಪಿತು. ನಾಲಿಗೆಯ ಮೇಲೆ ಎಂಜಲು ಗುಳುಗುಳು ಅನ್ನುತ್ತಿದ್ದದ್ದು ತಮಗಿದ್ದ ಕೊನೆಯ ನೆನಪು ಎಂದು ಅವರು ಆಮೇಲೆ ಹೇಳಿದರು. ತಕ್ಷಣ ಗಾಳಿ ತುಂಬಿದ್ದರಿಂದ ಬದುಕಿದರು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಹೊರಗೆ ಹೋದ ಕೂಡಲೇ ಹೆಪ್ಪುಗಟ್ಟುತ್ತಾರೆ ಅಂತ. ಗಾಳಿ ಇಲ್ಲದ ಕಡೆ ಬಿಸಿ ಅಷ್ಟು ಬೇಗ ಹೊರಗೆ ಹೋಗುವುದೇ ಇಲ್ಲ. ಥರ್ಮಾಸ್ ಫ್ಲಾಸ್ಕ್ ಕೆಲಸ ಮಾಡುವುದೇ ಆ ಗುಟ್ಟಿನ ಮೇಲೆ. ಬಾಹ್ಯಾಕಾಶ ನಿಲ್ದಾಣಕ್ಕೆ ದೊಡ್ಡ ದೊಡ್ಡ ರೆಕ್ಕೆಯಂಥ ರೇಡಿಯೇಟರ್‌ಗಳಿರುವುದು ಒಳಗಿನ ಬಿಸಿಯನ್ನು ಹೊರಗೆ ಚೆಲ್ಲಲಿಕ್ಕೆ.

ಹಸಿರು ಚರ್ಮ ಕೊಟ್ಟಿದ್ದರೆ ಊಟದ ಚಿಂತೆಯೇ ಇರುತ್ತಿರಲಿಲ್ಲ ಅಲ್ವಾ?

ಮೊದಲ ಕರಡಿನಲ್ಲಿ ಕೊಟ್ಟಿದ್ದೆ! ತುಂಬಾ ಚೆಂದ ಕಾಣುತ್ತಿತ್ತು. ಆಮೇಲೆ ಒಂದು ಸಂಜೆ ಕೂತು ಲೆಕ್ಕ ಹಾಕಿದೆ, ಎಲ್ಲ ಹೊಡೆದುಹಾಕಿದೆ.

ದೊಡ್ಡವರ ಚರ್ಮ ಸುಮಾರು 1.7 ಚದರ ಮೀಟರ್. ಬಿಸಿಲು ಒಂದೇ ಮಗ್ಗುಲಿಗೆ ತಾನೇ ಬೀಳುವುದು? ಹಾಗಾಗಿ ಅದರಲ್ಲಿ ಅರ್ಧ. ಭೂಮಿಯ ಹತ್ತಿರ, ವಾತಾವರಣದ ಹೊರಗೆ, ಚದರ ಮೀಟರಿಗೆ 1,361 ವ್ಯಾಟ್ ಬಿಸಿಲು. ಎಲೆಗಳ ಹಾಗೆ ಅದರಲ್ಲಿ 2 ಶೇಕಡಾ ಹಿಡಿದಿಟ್ಟುಕೊಂಡರೆ ಸಿಗುವುದು 23 ವ್ಯಾಟ್. ಮನುಷ್ಯನಿಗೆ ದಿನಕ್ಕೆ 2,000 ಕಿಲೋಕ್ಯಾಲೊರಿ ಬೇಕು, ಅಂದರೆ ಹೆಚ್ಚುಕಮ್ಮಿ 100 ವ್ಯಾಟ್. ಆ 23 ಕೂಡ ದಿನವಿಡೀ ಬೆತ್ತಲೆ ಬಿಸಿಲಿಗೆ ಮೈಯೊಡ್ಡಿದರೆ ಮಾತ್ರ! ಸೆರೆಸ್ ಹತ್ತಿರ ಬಿಸಿಲು ಸುಮಾರು ಎಂಟನೇ ಒಂದು ಭಾಗ. ಅಲ್ಲಿ ಸಿಗುವುದು 3 ವ್ಯಾಟ್. ಒಂದು ಸಣ್ಣ ಬಲ್ಬಿನಷ್ಟು. ಗಿಡಗಳು ಯಾಕೆ ಎದ್ದು ಓಡಾಡುವುದಿಲ್ಲ ಅಂತ ಅವತ್ತು ಚೆನ್ನಾಗಿ ಅರ್ಥವಾಯಿತು.

ವಿಕಿರಣದಿಂದ ಅವರು ಹೇಗೆ ಪಾರಾಗುತ್ತಾರೆ?

ಪೂರ್ತಿ ಪಾರಾಗುವುದಿಲ್ಲ. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯಲ್ಲೇ ವಿಕಿರಣವನ್ನು ಅಳೆದಿತ್ತು. ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಭೂಮಿಯಲ್ಲಿ ನಮಗೆ ಪ್ರಕೃತಿಯಿಂದ ಒಂದು ವರ್ಷಕ್ಕೆ ಸಿಗುವುದು ಸರಾಸರಿ 2.4. ಅಂದರೆ ಇಲ್ಲಿ ಒಂದು ವರ್ಷಕ್ಕೆ ಸಿಗುವುದು ಅಲ್ಲಿ ಒಂದೂವರೆ ದಿನದೊಳಗೇ ಸಿಗುತ್ತದೆ.

ಇದಕ್ಕೆ ನಾನು ಟಾರ್ಡಿಗ್ರೇಡ್‌ನಿಂದ ಸಾಲ ತಂದೆ. ಎಂಟು ಕಾಲಿನ, ಬರಿಗಣ್ಣಿಗೆ ಕಾಣಲು ಕಷ್ಟವಾದ ಜೀವಿ ಅದು. 2007ರಲ್ಲಿ ಇವನ್ನು ಬಾಹ್ಯಾಕಾಶಕ್ಕೆ ಕಳಿಸಿ ನಿರ್ವಾತಕ್ಕೆ ಒಡ್ಡಿದಾಗ ಎಷ್ಟೋ ಬದುಕಿ ಬಂದವು. 2016ರಲ್ಲಿ ಜಪಾನಿನ ಸಂಶೋಧಕರು ಅವುಗಳ 'ಡಿಸಪ್' ಎಂಬ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳಿಗೆ ಸೇರಿಸಿದರು. ಎಕ್ಸ್‌ರೇಯಿಂದ ಡಿಎನ್‌ಎಗೆ ಆಗುವ ಹಾನಿ ಸುಮಾರು 40 ಶೇಕಡಾ ಇಳಿಯಿತು. ಕಥೆಗಾರರಿಗೆ ಹಬ್ಬ! ಆದರೆ ಆಮೇಲೆ ಇದನ್ನೇ ಇಲಿಯ ನರಕೋಶಗಳಲ್ಲಿ ಮಾಡಿ ನೋಡಿದಾಗ ಉಲ್ಟಾ ಆಯಿತು, ಡಿಎನ್‌ಎಗೆ ಹಾನಿ ಜಾಸ್ತಿಯಾಯಿತು. ನಾನು ಎರಡನ್ನೂ ಇಟ್ಟುಕೊಂಡೆ. ಮಗಳ ಕೈ ನಡುಗುವುದಕ್ಕೆ ಕಾರಣ ಇದೇ. ಚರ್ಮವನ್ನು ಕಾಪಾಡಿದ್ದು ನರವನ್ನು ತಿಂದಿತು. ಪುಸ್ತಕದಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಅದು ನನ್ನದೇ ತಪ್ಪು.

ಯಾಕೆ ಸೆರೆಸ್? ಮಂಗಳ ಯಾಕಲ್ಲ?

ಮಂಗಳದಲ್ಲಿ ಭೂಮಿಯ ಗುರುತ್ವದ 38 ಶೇಕಡಾ ಇದೆ. ಅಲ್ಲಿ ನಡೆಯಬಹುದು, ಬೀಳಬಹುದು. ನನಗೆ ಬೀಳಲಾಗದ ಜಾಗ ಬೇಕಿತ್ತು. ಸೆರೆಸ್‌ನಲ್ಲಿ ಇರುವುದು ಸುಮಾರು 3 ಶೇಕಡಾ. 60 ಕಿಲೋ ಇರುವವರ ತೂಕ ಅಲ್ಲಿ 2 ಕಿಲೋಗೂ ಕಡಿಮೆ. ಜೊತೆಗೆ ನೀರಿದೆ, ಮಂಜುಗಡ್ಡೆಯ ರೂಪದಲ್ಲಿ. ನೀರು ಅಂದರೆ ಕುಡಿಯಲು ಮಾತ್ರವಲ್ಲ, ಉಸಿರಿಗೆ, ಇಂಧನಕ್ಕೆ, ವಿಕಿರಣ ತಡೆಯುವ ಗೋಡೆಗೆ ಎಲ್ಲಕ್ಕೂ ಅದೇ. ಅಲ್ಲಿಂದ ಭೂಮಿಗೆ ಒಂದು ಮಾತು ತಲುಪಲು 13ರಿಂದ 33 ನಿಮಿಷ ಬೇಕು. ಜಗಳ ಆಡಲಿಕ್ಕೂ ಆಗದಷ್ಟು ದೂರ. ಅಜ್ಜಿ ಮತ್ತು ಅವಳ ತಂಗಿಯ ನಡುವಿನ ಪತ್ರಗಳು ಹಾಗೆ ಸೊರಗಲು ಕಾರಣ ಈ ದೂರವೇ.

ಬಾಹ್ಯಾಕಾಶದಲ್ಲಿ ಮಗು ಹುಟ್ಟುವುದು ಸಾಧ್ಯವಾ?

ಇವತ್ತಿನವರೆಗೆ ಯಾವ ಮನುಷ್ಯ ಮಗುವೂ ಅಲ್ಲಿ ಹುಟ್ಟಿಲ್ಲ. 1990ರಲ್ಲಿ ಮಿರ್ ನಿಲ್ದಾಣದಲ್ಲಿ ಗೌಜಲಕ್ಕಿಯ ಜಾತಿಯ ಹಕ್ಕಿಯ ಮೊಟ್ಟೆಗಳು ಮರಿಯಾದವು. ಆ ಮರಿಗಳಿಗೆ ಎಲ್ಲೂ ಕಾಲೂರಿ ನಿಲ್ಲಲಾಗಲಿಲ್ಲ. ಗಾಳಿಯಲ್ಲಿ ಒದ್ದಾಡುತ್ತ ತೇಲಿದವು, ತಾವೇ ಕಾಳು ಹೆಕ್ಕಿ ತಿನ್ನಲಾಗಲಿಲ್ಲ. ನನಗೆ ಇದನ್ನು ಓದಿ ಎರಡು ದಿನ ಬರೆಯಲಾಗಲಿಲ್ಲ. ಹಿಡಿದುಕೊಳ್ಳಲು ಏನಾದರೂ ಇದ್ದಿದ್ದರೆ ಅವು ಬದುಕುತ್ತಿದ್ದವಾ? ಮೊಮ್ಮಗಳ ನಾಲ್ಕು ಕೈಗಳ ಹಿಂದೆ ಆ ಮರಿಗಳಿವೆ.

ಹುಟ್ಟುವ ಮೊದಲೇ ಮಗುವಿನ ದೇಹ ಬದಲಾಯಿಸುವುದನ್ನು ನೀವು ಒಪ್ಪುತ್ತೀರಾ?

ಅಜ್ಜಿ ಒಪ್ಪಿದ್ದಾಳೆ, ಮಗಳು ಒಪ್ಪಿಲ್ಲ, ಮೊಮ್ಮಗಳಿಗೆ ಪ್ರಶ್ನೆಯೇ ವಿಚಿತ್ರ. ಮೂವರಲ್ಲಿ ಯಾರ ಕಡೆ ವಾಲಿದರೂ ಪುಸ್ತಕ ಕೆಡುತ್ತಿತ್ತು. ಆದರೆ ನನ್ನನ್ನೇ ಕೇಳಿದರೆ, ನಾನು ಮಗಳ ಕಡೆ.

ಇದು ದೂರದ ಮಾತೇನಲ್ಲ. ಬೆಳೆದ ಮನುಷ್ಯನ ರಕ್ತ ಹುಟ್ಟಿಸುವ ಮೂಲಕೋಶಗಳ ಜೀನ್ ತಿದ್ದಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಚಿಕಿತ್ಸೆ ಕೊಡಲು 2023ರಲ್ಲೇ ಅನುಮತಿ ಸಿಕ್ಕಿದೆ. ಆ ಬದಲಾವಣೆ ಅವರ ಜೊತೆಗೇ ಮುಗಿಯುತ್ತದೆ, ಅವರೇ ಒಪ್ಪಿರುತ್ತಾರೆ. ಭ್ರೂಣದ ಜೀನ್ ತಿದ್ದುವುದು ಬೇರೆ. ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹರಿಯುತ್ತದೆ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ಹೀಗೆ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಹೇಳಿದಾಗ ಜಗತ್ತೇ ಬೆಚ್ಚಿತು. ಅವರಿಗೆ ಮೂರು ವರ್ಷ ಜೈಲಾಯಿತು. ಜಗತ್ತು ಅವರ ಬಗ್ಗೆ ಬೇಕಾದಷ್ಟು ಮಾತಾಡಿತು. ಆ ಮಕ್ಕಳು ದೊಡ್ಡವರಾದ ಮೇಲೆ ಏನು ಕೇಳುತ್ತಾರೆ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

"ಮನುಷ್ಯರು ಯಾವಾಗಲೂ ಬದಲಾಗುತ್ತಲೇ ಬಂದಿದ್ದಾರೆ" ಅಂತ ಕೆಲವರು ವಾದಿಸುತ್ತಾರೆ. ನಿಜ. ಸಮುದ್ರದಲ್ಲಿ ಮುಳುಗಿ ಮೀನು ಹಿಡಿಯುವ, ಆಗ್ನೇಯ ಏಷ್ಯಾದ ಬಜಾವು ಜನರ ಗುಲ್ಮ (ಹೊಟ್ಟೆಯೊಳಗೆ ರಕ್ತ ಕೂಡಿಡುವ ಅಂಗ) ನೆರೆಯ ಜನರದ್ದಕ್ಕಿಂತ ಸುಮಾರು 50 ಶೇಕಡಾ ದೊಡ್ಡದು ಅಂತ 2018ರ ಅಧ್ಯಯನವೊಂದು ತೋರಿಸಿತು. ಟಿಬೆಟಿನ ಎತ್ತರದಲ್ಲಿ ಬಾಳುವವರ ರಕ್ತ ಆಮ್ಲಜನಕ ಕಡಿಮೆ ಇದ್ದರೂ ನಿಭಾಯಿಸುತ್ತದೆ. ಆದರೆ ಅದಕ್ಕೆಲ್ಲ ನೂರಾರು ತಲೆಮಾರು ಹಿಡಿಯಿತು, ಮತ್ತು ಅವರು ಯಾವತ್ತು ಬೇಕಾದರೂ ದಡಕ್ಕೆ ಬರಬಹುದು, ಬೆಟ್ಟ ಇಳಿಯಬಹುದು. ಮೊಮ್ಮಗಳು ಭೂಮಿಗೆ ಇಳಿದರೆ ಅವಳ ತೂಕವೇ ಅವಳ ಪಕ್ಕೆಲುಬು ಮುರಿಯುತ್ತದೆ. ವಾಪಸ್ ಬರುವ ದಾರಿ ಇದೆಯೋ ಇಲ್ಲವೋ ಅನ್ನುವುದೇ ನನಗೆ ಮುಖ್ಯ.

ಪಾತ್ರಗಳಿಗೆ ಹೆಸರೇ ಇಲ್ಲವಲ್ಲ?

ಹೇಳುವವಳು ಅಜ್ಜಿ. ಮನೆಯೊಳಗೆ ಯಾರು ಹೆಸರು ಹಿಡಿದು ಕೂಗುತ್ತಾರೆ? ಅವ್ವ, ಮಗಳೇ, ಪುಟ್ಟಿ ಅಂತಲೇ ಕಳೆಯಿತು. ಮುನ್ನೂರು ಪುಟ ಹೆಸರಿಲ್ಲದೆ ಓಡಿಸಬಹುದು ಅಂತ ಗೊತ್ತಾದ ಮೇಲೆ ನನಗೂ ಹಟ ಬಂತು.

ಭಾಷೆ ವಿಚಿತ್ರವಾಗಿದೆ. 'ಬಯಲು', 'ತೇಲಿಗರು', 'ಕಾಲಿನವರು', ಇವೆಲ್ಲ ಎಲ್ಲಿಂದ ಬಂದವು?

ಮೊದಲ ಕರಡಿನಲ್ಲಿ 'ಅಂತರಿಕ್ಷ ಮಾನವ', 'ನಿರ್ವಾತ ಪ್ರದೇಶ' ಅಂತೆಲ್ಲ ಬರೆದಿದ್ದೆ. ಓದಿದರೆ ಪಠ್ಯಪುಸ್ತಕ. ಮೂರು ತಲೆಮಾರು ಒಂದು ಕಡೆ ಬಾಳಿದ ಜನ ಸುತ್ತಲಿನದಕ್ಕೆ ಇಷ್ಟುದ್ದದ ಹೆಸರು ಇಡುತ್ತಾರಾ? ಚಿಕ್ಕ ಮಾತು ಬೇಕು. ತೇಲುವವರು ತೇಲಿಗರು. ಭೂಮಿಯವರು ಕಾಲಿನವರು, ಸ್ವಲ್ಪ ಅಸೂಯೆ, ಸ್ವಲ್ಪ ತಮಾಷೆ ಸೇರಿಸಿ.

ಹೊರಗಿನ ಖಾಲಿಗೆ 'ಬಯಲು' ಅಂತ ಸಿಕ್ಕ ದಿನ ಕುಣಿದಾಡಿದೆ. ವಚನಕಾರರು ಶೂನ್ಯಕ್ಕೆ ಬಳಸಿದ ಪದ, ಇದಕ್ಕಿಂತ ಬೇರೆ ಬೇಕಾ? ಆದರೆ ಕರಡು ಓದಿದ ಗೆಳತಿ ಒಂದು ಸಾಲಿಗೆ ಬಂದು ನಗಲು ಶುರು ಮಾಡಿದಳು. "ಬಯಲಿಗೆ ಹೋಗಿ ಬರುತ್ತೇನೆ" ಅಂತ ಗಂಭೀರವಾಗಿ ಸೂಟ್ ತೊಟ್ಟು ಹೊರಟ ಪಾತ್ರ! ಆ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥ ಇದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ತೆಗೆಯಲಿಲ್ಲ. ಅಜ್ಜಿ ಪ್ರತಿ ಸಲ ಆ ಮಾತು ಕೇಳಿ ಒಳಗೊಳಗೇ ನಗುವ ಹಾಗೆ ಮಾಡಿದೆ. ಉಳಿದವರಿಗೆ ಅವಳು ಯಾಕೆ ನಗುತ್ತಾಳೆ ಅಂತ ಗೊತ್ತಾಗುವುದೇ ಇಲ್ಲ.

ನಿಜವಾದ ಕಷ್ಟ ಬಂದದ್ದು 'ಬೀಳು' ಎಂಬ ಪದದಿಂದ. ನಮ್ಮ ಮಾತಿನಲ್ಲಿ ಎಷ್ಟು ಬೀಳುವುದಿದೆ ಲೆಕ್ಕ ಹಾಕಿ. ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುತ್ತದೆ. ಬೆಲೆ ಬೀಳುತ್ತದೆ, ರೂಢಿ ಬೀಳುತ್ತದೆ, ಕನಸು ಬೀಳುತ್ತದೆ. ಜನ ಮುಗಿಬೀಳುತ್ತಾರೆ, ಸುಸ್ತುಬೀಳುತ್ತಾರೆ, ಗಂಟುಬೀಳುತ್ತಾರೆ, ಬಿದ್ದು ಬಿದ್ದು ನಗುತ್ತಾರೆ. ಮೇಲೆ–ಕೆಳಗೆ ಇಲ್ಲದ ಕಡೆ 'ಆಮೇಲೆ' ಅನ್ನುವುದು ಹೇಗೆ? 'ತಲೆಕೆಳಗಾಯಿತು' ಅಂದರೆ ಏನು? ಮನಸ್ಸು ಯಾಕೆ ಭಾರವಾಗಬೇಕು, ಹಗುರವಾಗಬೇಕು? ಕನ್ನಡ ಪೂರ್ತಿ ನೆಲಕ್ಕೆ ಅಂಟಿಕೊಂಡ ಭಾಷೆ. ಬಹುಶಃ ಎಲ್ಲ ಭಾಷೆಯೂ ಹಾಗೇ.

ನಾನು ಹುಮ್ಮಸ್ಸಿನಲ್ಲಿ ತೂಕದ ಮಾತನ್ನೆಲ್ಲ ಕಿತ್ತುಹಾಕಿದೆ. ನಾಲ್ಕು ತಿಂಗಳ ಕೆಲಸ. ಅದೇ ಗೆಳತಿ ಓದಿ, "ಇದು ಉಪ್ಪಿಲ್ಲದ ಸಾರು" ಅಂದಳು. ಸರಿಯಾಗಿತ್ತು. ಯಾರೂ ಹಾಗೆ ಮಾತಾಡುವುದಿಲ್ಲ. ಆಗ ಒಂದು ದಿನ ಫೋನಿನಲ್ಲಿ ಮಾತು ಮುಗಿಸುತ್ತ "ಸರಿ, ಇಡ್ತೀನಿ" ಅಂದೆ. ಏನನ್ನು ಇಡುತ್ತಿದ್ದೇನೆ? ಎಲ್ಲಿ? ಕೆಳಗಿಡುವ ರಿಸೀವರ್ ಹೋಗಿ ಎಷ್ಟು ವರ್ಷವಾಯಿತು! ವಸ್ತು ಹೋದರೂ ಮಾತು ಉಳಿಯುತ್ತದೆ. ಹಾಗೇ ತೇಲಿಗರ ಬಾಯಲ್ಲಿ 'ಬೀಳು' ಉಳಿದಿರುತ್ತದೆ, ಅದರ ಬುಡ ಯಾರಿಗೂ ಗೊತ್ತಿರುವುದಿಲ್ಲ. ಕಿತ್ತದ್ದನ್ನೆಲ್ಲ ಮತ್ತೆ ನೆಟ್ಟೆ. ಒಂದು ಮಗು ಮಾತ್ರ ನಿಂತು "ಬೀಳೋದು ಅಂದ್ರೆ ಏನು?" ಅಂತ ಕೇಳಲಿ ಅಂದುಕೊಂಡೆ. ಪುಸ್ತಕದ ಮೊದಲ ಸಾಲು ಹೀಗೆ ಎಲ್ಲಕ್ಕಿಂತ ಕೊನೆಗೆ ಸಿಕ್ಕಿತು.

ಅಜ್ಜಿ ಅದಕ್ಕೆ ಕೊಡುವ ಉತ್ತರ ಸರಿಯಾ? "ನಾವು ಈಗಲೂ ಬೀಳ್ತಾನೇ ಇದೀವಿ, ನೆಲ ಸಿಗ್ತಿಲ್ಲ ಅಷ್ಟೇ" ಅನ್ನುತ್ತಾಳಲ್ಲ?

ಅಕ್ಷರಶಃ ಸರಿ. ಬಾಹ್ಯಾಕಾಶ ನಿಲ್ದಾಣ ಇರುವ 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಗುರುತ್ವ ಸುಮಾರು 90 ಶೇಕಡಾ ಹಾಗೇ ಇರುತ್ತದೆ. ತೂಕ ಇಲ್ಲದಿರುವುದು ಗುರುತ್ವ ಇಲ್ಲದ್ದಕ್ಕಲ್ಲ. ನಿಲ್ದಾಣವೂ ಒಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ, ಆದರೆ ಪಕ್ಕಕ್ಕೆ ಎಷ್ಟು ವೇಗವಾಗಿ ಓಡುತ್ತಿರುತ್ತಾರೆ ಅಂದರೆ ನೆಲ ಪ್ರತಿ ಸಲ ತಪ್ಪಿಹೋಗುತ್ತದೆ. ಸೆರೆಸ್ ಸುತ್ತ ತಿರುಗುವವರದ್ದೂ ಇದೇ ಕಥೆ.

ಫ್ಯಾನ್ ನಿಂತ ಕೂಡಲೇ ಎಲ್ಲರೂ ಯಾಕೆ ಅಷ್ಟು ಹೆದರುತ್ತಾರೆ?

ಇದನ್ನು ಕೇಳಿದವರ ಸಂಖ್ಯೆ ನೋಡಿ ಆಶ್ಚರ್ಯವಾಯಿತು. ನಾವು ಬಿಟ್ಟ ಉಸಿರು ಬೆಚ್ಚಗಿರುವುದರಿಂದ ಮೇಲೇರಿ ಸರಿದುಹೋಗುತ್ತದೆ. ತೂಕವಿಲ್ಲದ ಕಡೆ ಅದು ಮುಖದ ಸುತ್ತಲೇ ಗುಂಪು ಕಟ್ಟುತ್ತದೆ. ಗಾಳಿ ಆಡದಿದ್ದರೆ ಮಲಗಿದವರು ತಮ್ಮ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಹಾಗಾಗಿ ತೇಲಿಗರಿಗೆ ನಿಶ್ಶಬ್ದ ಅಂದರೆ ಸಾವಿನ ಸದ್ದು. ಮೊಮ್ಮಗಳಿಗೆ ಜೋಗುಳವೇ ಫ್ಯಾನಿನ ಗುಂಯ್ ಸದ್ದು.

ಖಳನಾಯಕ ಇಲ್ಲ, ಅನ್ಯಗ್ರಹ ಜೀವಿಗಳಿಲ್ಲ, ಯುದ್ಧ ಇಲ್ಲ. ಯಾಕೆ?

ಮನೆಯೊಳಗೆ ಮೂವರು ಹೆಂಗಸರು, ಮೂರು ಥರದ ದೇಹ, ಒಂದೇ ಸ್ನಾನದ ಕೋಣೆ. ಇನ್ನೂ ಯುದ್ಧ ಬೇಕಾ?

ವಿಜ್ಞಾನ ಗೊತ್ತಿಲ್ಲದವರು ಓದಬಹುದಾ? ಮಕ್ಕಳಿಗೆ ಕೊಡಬಹುದಾ?

ಧಾರಾಳವಾಗಿ ಓದಬಹುದು. ಲೆಕ್ಕಗಳೆಲ್ಲ ಈ ಪುಟದಲ್ಲಿವೆ, ಪುಸ್ತಕದಲ್ಲಿ ಇಲ್ಲ. ಮಕ್ಕಳ ವಿಷಯಕ್ಕೆ ಬಂದರೆ, ಹೆರಿಗೆಯ ಒಂದು ಅಧ್ಯಾಯ ಕಠಿಣವಾಗಿದೆ. ಹದಿನಾಲ್ಕು ದಾಟಿದವರಿಗೆ ಸರಿ ಅನ್ನಿಸುತ್ತದೆ.

ಎರಡನೇ ಭಾಗ ಬರುತ್ತದಾ?

ಇಲ್ಲ. ಕೊನೆಯ ಪುಟದಲ್ಲಿ ಬಾಗಿಲು ತೆರೆದೇ ಇದೆ ಅಂತ ಹಲವರು ಹೇಳುತ್ತಾರೆ. ತೆರೆದೇ ಇರಲಿ.

ಪುಸ್ತಕದಲ್ಲಿ ತಪ್ಪು ಕಂಡರೆ ತಿಳಿಸಬಹುದಾ?

ದಯವಿಟ್ಟು ತಿಳಿಸಿ. ಈಗಾಗಲೇ ಸಿಕ್ಕಿಬಿದ್ದವು ಇವು. ಏಳನೇ ಅಧ್ಯಾಯದಲ್ಲಿ ಬಿಸಿ ಸಾರಿನಿಂದ ಹಬೆ 'ಮೇಲೇಳುತ್ತದೆ'. ಏಳಬಾರದು, ಸುಮ್ನೆ ಸುತ್ತ ಹರಡಬೇಕು. ಅದೇ ಅಧ್ಯಾಯದಲ್ಲಿ ಮೇಣದ ಬತ್ತಿಯ ಉರಿ ಉದ್ದಕ್ಕೆ ನಾಲಿಗೆ ಚಾಚುತ್ತದೆ. ತೂಕವಿಲ್ಲದ ಕಡೆ ಉರಿ ಉಂಡೆಯಂತೆ, ನೀಲಿಯಾಗಿ ಇರುತ್ತದೆ. ಒಂಬತ್ತರಲ್ಲಿ ಅಜ್ಜಿಯ ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತದೆ. ಅದು ಕಣ್ಣಿನ ಮೇಲೇ ಗುಳ್ಳೆಯ ಹಾಗೆ ಕೂರಬೇಕು, ಒರೆಸುವವರೆಗೂ ಹೋಗಬಾರದು. ಇದು ಬೇಸರದ ತಪ್ಪು, ಯಾಕೆಂದರೆ ಸರಿಯಾದದ್ದು ನಾನು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿದೆ.

ಮತ್ತೆ ಹನ್ನೆರಡನೇ ಅಧ್ಯಾಯದಲ್ಲಿ ಮಗಳು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ನಾಲ್ಕು ಸಲ ತಿದ್ದಿದ ಪುಸ್ತಕ, ಮೂರು ಜನ ಓದಿದ ಕರಡು. ತೇಲಿಗರ ಮನೆಗೆ ಆ ಕುರ್ಚಿ ಯಾವ ಬಾಗಿಲಿಂದ ನುಗ್ಗಿತು ಅಂತ ಮಾತ್ರ ಕೇಳಬೇಡಿ. ಮುಂದಿನ ಮುದ್ರಣದಲ್ಲಿ ಅದನ್ನು ಎತ್ತಿ ಬಯಲಿಗೆ ಎಸೆಯುತ್ತೇನೆ.